ಸ್ಪ್ರಿಂಗ್ ಆಧಾರಿತ ತೊಲೆಯ ಪರಿಮಿತ ಅಂಶ ವಿಶ್ಲೇಷಣೆ

ಸ್ಪ್ರಿಂಗ್ ಆಧಾರಿತ ತೊಲೆ ಎಂದರೆ ಅಲುಗಾಡದ ಗಟ್ಟಿ ಆಧಾರದ ಮೇಲಲ್ಲದೆ, ಭಾರಕ್ಕೆ ತಕ್ಕಷ್ಟು ಕುಗ್ಗುವ ಆಧಾರಗಳ ಮೇಲೆ ನಿಂತ ತೊಲೆ. ಇಂತಹ ತೊಲೆಯ ಮೇಲೆ ಉದ್ದಕ್ಕೂ ಹರಡಿದ ಭಾರ ಬಿದ್ದಾಗ ಅದು ಎಲ್ಲಿ ಎಷ್ಟು ಕುಸಿಯುತ್ತದೆ, ಎಲ್ಲಿ ಎಷ್ಟು ಬಾಗುತ್ತದೆ, ಪ್ರತಿಯೊಂದು ಆಧಾರವು ಎಷ್ಟು ಭಾರವನ್ನು ಹೊರುತ್ತದೆ ಎಂಬುದನ್ನು ಪರಿಮಿತ ಅಂಶ ವಿಧಾನದ ತಂತ್ರಾಂಶಗಳಿಂದ ಲೆಕ್ಕ ಹಾಕಲಾಗುತ್ತದೆ. ಮನೆಯ ಗೋಡೆಯ ಕೆಳಗಿನ ಅಡಿಪಾಯದ ತೊಲೆ, ಜಲ್ಲಿಯ ಮೇಲೆ ಕೂರಿಸಿದ ರೈಲು ಹಳಿ, ರಬ್ಬರ್ ದಿಂಬುಗಳ ಮೇಲಿನ ಸೇತುವೆಯ ತೊಲೆ, ಯಂತ್ರಗಳ ಕೆಳಗಿನ ಕಬ್ಬಿಣದ ಚೌಕಟ್ಟು ಮೊದಲಾದವು ಈ ಬಗೆಯ ರಚನೆಗಳಿಗೆ ಉದಾಹರಣೆಗಳು.

ಹಿನ್ನೆಲೆ

ನೆಲವನ್ನು ಒತ್ತೊತ್ತಾಗಿ ನಿಲ್ಲಿಸಿದ, ಒಂದಕ್ಕೊಂದು ಸಂಬಂಧವಿಲ್ಲದ ಸ್ಪ್ರಿಂಗುಗಳ ಸಾಲೆಂದು ಭಾವಿಸುವ ಕಲ್ಪನೆಯನ್ನು ಎಮಿಲ್ ವಿಂಕ್ಲರ್ 1867ರಲ್ಲಿ ಮಂಡಿಸಿದನು. ಒಂದು ಸ್ಥಳದಲ್ಲಿ ನೆಲ ಕೊಡುವ ಪ್ರತಿಬಲವು ಆ ಸ್ಥಳದ ಕುಸಿತಕ್ಕೆ ಮಾತ್ರ ಅನುಪಾತದಲ್ಲಿರುತ್ತದೆ ಎಂಬುದು ಇದರ ತಿರುಳು. ಈ ಕಾರಣದಿಂದ ಇಂತಹ ಆಧಾರವನ್ನು 'ವಿಂಕ್ಲರ್ ಅಡಿಪಾಯ' ಎಂದು ಕರೆಯುವುದು ರೂಢಿ. 1888ರಲ್ಲಿ ಜರ್ಮನಿಯ ಝಿಮ್ಮರ್‌ಮನ್ ಈ ಕಲ್ಪನೆಯನ್ನು ರೈಲು ಹಳಿಯ ಲೆಕ್ಕಾಚಾರಕ್ಕೆ ವಿಸ್ತಾರವಾಗಿ ಅನ್ವಯಿಸಿದನು. 1946ರಲ್ಲಿ ಪ್ರಕಟವಾದ ಹೆಟೆನ್ಯಿಯ ಗ್ರಂಥವು ಹಲವು ಬಗೆಯ ಭಾರ ಮತ್ತು ಆಧಾರಗಳಿಗೆ ಸಿದ್ಧ ಸೂತ್ರಗಳನ್ನು ಒಂದೆಡೆ ಒದಗಿಸಿತು; ಇಂದಿಗೂ ತಂತ್ರಾಂಶದ ಉತ್ತರಗಳನ್ನು ತಾಳೆ ನೋಡಲು ಅದೇ ಆಕರ.

ಪರಿಮಿತ ಅಂಶ ವಿಧಾನವು ಟರ್ನರ್, ಕ್ಲಫ್, ಮಾರ್ಟಿನ್ ಮತ್ತು ಟಾಪ್ ಎಂಬ ನಾಲ್ವರು 1956ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಎಂಜಿನಿಯರುಗಳ ಗಮನಕ್ಕೆ ಬಂದಿತು. 'ಫೈನೈಟ್ ಎಲಿಮೆಂಟ್' ಎಂಬ ಹೆಸರನ್ನು 1960ರಲ್ಲಿ ಕ್ಲಫ್ ಬಳಕೆಗೆ ತಂದನು. ಕರ್ನಾಟಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆ. ಟಿ. ಸುಂದರರಾಜ ಅಯ್ಯಂಗಾರ್ ಅವರು 1960ರ ದಶಕದಲ್ಲಿ ಸ್ಥಿತಿಸ್ಥಾಪಕ ಅಡಿಪಾಯದ ಮೇಲಿನ ತೊಲೆಗಳ ಬಗ್ಗೆ ಸಂಶೋಧನೆ ನಡೆಸಿದರು. ಬೆಂಗಳೂರಿನ ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್‌ನಲ್ಲಿದ್ದ ಗಂಗನ್ ಪ್ರತಾಪ್ ಅವರು ತೊಲೆ ಮತ್ತು ಫಲಕದ ಅಂಶಗಳು ಕೆಲವೊಮ್ಮೆ ಏಕೆ ಅಸಹಜ ಬಿಗಿತವನ್ನು ತೋರುತ್ತವೆ ಎಂಬ ಪ್ರಶ್ನೆಯನ್ನು ಕೂಲಂಕಷವಾಗಿ ಪರಿಶೀಲಿಸಿ 1993ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು.

ಮೂಲ ಪರಿಕಲ್ಪನೆಗಳು

ಸ್ಪ್ರಿಂಗಿನ ಬಿಗಿತವೆಂದರೆ ಅದನ್ನು ಒಂದು ಮೀಟರ್ ಕುಗ್ಗಿಸಲು ಬೇಕಾಗುವ ಬಲ. ಇದನ್ನು ಮೀಟರಿಗೆ ಇಂತಿಷ್ಟು ಕಿಲೋನ್ಯೂಟನ್ ಎಂದು ಹೇಳಲಾಗುತ್ತದೆ. ತೊಲೆಗೂ ಬಾಗುವಿಕೆಯನ್ನು ತಡೆಯುವ ಬಿಗಿತವಿದೆ. ಅದು ತೊಲೆಯ ವಸ್ತುವಿನ ಯಂಗ್ ಗುಣಾಂಕ ಮತ್ತು ಅದರ ಅಡ್ಡಕೊಯ್ತದ ಜಡತ್ವ ಮಹತ್ವ ಇವೆರಡರ ಗುಣಲಬ್ಧ. ಇದನ್ನು 'ಬಾಗು ಬಿಗಿತ' ಎನ್ನಬಹುದು. ಭಾರವು ತೊಲೆ ಮತ್ತು ಸ್ಪ್ರಿಂಗುಗಳ ನಡುವೆ ಹಂಚಿಹೋಗುವುದು ಈ ಎರಡು ಬಿಗಿತಗಳ ಅನುಪಾತಕ್ಕೆ ತಕ್ಕಂತೆ. ಇದು ಗಟ್ಟಿ ಆಧಾರದ ತೊಲೆಗಿಂತ ಮುಖ್ಯವಾದ ವ್ಯತ್ಯಾಸ: ಎರಡು ತುದಿಗಳ ಮೇಲೆ ನಿಂತ ಸರಳ ತೊಲೆಯಲ್ಲಿ ಆಧಾರದ ಬಲಗಳನ್ನು ಸಮತೋಲನದಿಂದಲೇ ಕಂಡುಕೊಳ್ಳಬಹುದು, ಸ್ಪ್ರಿಂಗುಗಳು ಎರಡಕ್ಕಿಂತ ಹೆಚ್ಚಾದರೆ ತೊಲೆ ಬಾಗಿದ ಬಗೆಯನ್ನು ತಿಳಿಯದೆ ಬಲಗಳನ್ನು ತಿಳಿಯಲಾಗದು.

ಹರಡಿದ ಭಾರವನ್ನು ಮೀಟರ್ ಉದ್ದಕ್ಕೆ ಇಂತಿಷ್ಟು ಕಿಲೋನ್ಯೂಟನ್ ಎಂದು ಅಳೆಯಲಾಗುತ್ತದೆ. ಇಟ್ಟಿಗೆ ಗೋಡೆಯ ತೂಕ, ತೊಲೆಯ ಸ್ವಂತ ತೂಕ, ಚಾವಣಿಯಿಂದ ಬರುವ ಭಾರ ಇವೆಲ್ಲ ಸಾಮಾನ್ಯವಾಗಿ ಹರಡಿದ ಭಾರಗಳೇ.

ಪರಿಮಿತ ಅಂಶ ವಿಧಾನದಲ್ಲಿ ಮಾದರಿ ರಚನೆ

ಈ ವಿಧಾನದಲ್ಲಿ ತೊಲೆಯನ್ನು ಹಲವು ತುಂಡುಗಳಾಗಿ ವಿಂಗಡಿಸಲಾಗುತ್ತದೆ. ಪ್ರತಿ ತುಂಡು ಒಂದು 'ಅಂಶ'. ತುಂಡುಗಳು ಕೂಡುವ ಜಾಗ 'ನೋಡ್'. ಸಮತಲದ ತೊಲೆಯ ಪ್ರತಿ ನೋಡಿನಲ್ಲಿ ಎರಡು ಅಜ್ಞಾತಗಳಿರುತ್ತವೆ: ಕುಸಿತ ಮತ್ತು ಓರೆ. ತೊಲೆಯ ಅಂಶಗಳ ಬಿಗಿತವನ್ನೆಲ್ಲ ಒಂದು ದೊಡ್ಡ ಮಾತೃಕೆಯಲ್ಲಿ ಜೋಡಿಸಿ, ಭಾರಗಳ ಪಟ್ಟಿಯೊಂದಿಗೆ ಸಮೀಕರಣಗಳ ಗುಂಪಾಗಿ ಬಿಡಿಸಿದರೆ ಎಲ್ಲ ನೋಡುಗಳ ಕುಸಿತ ಮತ್ತು ಓರೆಗಳು ದೊರೆಯುತ್ತವೆ.

ಸ್ಪ್ರಿಂಗನ್ನು ಸೇರಿಸುವುದು ಇದರಲ್ಲಿ ಅತಿ ಸರಳವಾದ ಹಂತ. ಸ್ಪ್ರಿಂಗು ನಿಂತ ನೋಡಿನ ಕುಸಿತಕ್ಕೆ ಸಂಬಂಧಿಸಿದ ಮಾತೃಕೆಯ ಕರ್ಣದ ಸ್ಥಾನಕ್ಕೆ ಸ್ಪ್ರಿಂಗಿನ ಬಿಗಿತವನ್ನು ಕೂಡಿಸಿದರೆ ಸಾಕು. ಹರಡಿದ ಭಾರವನ್ನು ನೋಡುಗಳಿಗೆ ಹಂಚುವಾಗ ಮಾತ್ರ ಎಚ್ಚರ ಬೇಕು. ಅಂಶವೊಂದರ ಮೇಲಿನ ಒಟ್ಟು ಭಾರದ ಅರ್ಧರ್ಧ ಎರಡು ತುದಿಗಳಿಗೆ ಹೋಗುತ್ತದೆ. ಜೊತೆಗೆ ಪ್ರತಿ ತುದಿಯಲ್ಲಿ ಒಂದು ಬೆಂಡಿಂಗ್ ಮೊಮೆಂಟ್ ಕೂಡ ಸೇರುತ್ತದೆ. ಅದರ ಬೆಲೆ, ಮೀಟರ್ ಭಾರವನ್ನು ಅಂಶದ ಉದ್ದದ ವರ್ಗದಿಂದ ಗುಣಿಸಿ 12ರಿಂದ ಭಾಗಿಸಿದಷ್ಟು. ಎರಡು ತುದಿಗಳಲ್ಲಿ ಅದರ ದಿಕ್ಕು ಪರಸ್ಪರ ವಿರುದ್ಧ.

ಕೈಲೆಕ್ಕದ ಉದಾಹರಣೆ

6 ಮೀ. ಉದ್ದದ ಉಕ್ಕಿನ ತೊಲೆಯೊಂದು ಎರಡು ತುದಿಗಳಲ್ಲಿ ಗಟ್ಟಿ ಗೋಡೆಯ ಮೇಲೆ ಸರಳವಾಗಿ ಕುಳಿತಿದೆ. ನಡುವೆ ಒಂದು ಸ್ಪ್ರಿಂಗು ಇದೆ ಎಂದಿಟ್ಟುಕೊಳ್ಳೋಣ. ವಿವರಗಳು:

• ಹರಡಿದ ಭಾರ: ಮೀಟರಿಗೆ 10 ಕಿಲೋನ್ಯೂಟನ್, ಒಟ್ಟು 60 ಕಿಲೋನ್ಯೂಟನ್
• ಜಡತ್ವ ಮಹತ್ವ: 2235 ಚತುರ್ಘಾತ ಸೆಂಟಿಮೀಟರ್ (ಮಾರುಕಟ್ಟೆಯಲ್ಲಿ ದೊರೆಯುವ 200 ಮಿ.ಮೀ. ಎತ್ತರದ ಐ-ಆಕಾರದ ತೊಲೆ)
• ಯಂಗ್ ಗುಣಾಂಕ: ಚದರ ಮಿಲಿಮೀಟರಿಗೆ 2,00,000 ನ್ಯೂಟನ್
• ಬಾಗು ಬಿಗಿತ: 4470 ಕಿಲೋನ್ಯೂಟನ್-ಚದರ ಮೀಟರ್
• ಸ್ಪ್ರಿಂಗಿನ ಬಿಗಿತ: ಮೀಟರಿಗೆ 1000 ಕಿಲೋನ್ಯೂಟನ್

ತೊಲೆಯನ್ನು 3 ಮೀ. ಉದ್ದದ ಎರಡು ಅಂಶಗಳಾಗಿ ಮಾಡಲಾಗಿದೆ. ಪ್ರತಿ ಅಂಶದಿಂದ ಎರಡೂ ತುದಿಗಳಿಗೆ 15 ಕಿಲೋನ್ಯೂಟನ್ ಭಾರವೂ 7.5 ಕಿಲೋನ್ಯೂಟನ್-ಮೀಟರ್ ಮೊಮೆಂಟೂ ಬರುತ್ತವೆ. ರಚನೆ ಸಮಮಿತವಾದ್ದರಿಂದ ನಡುವಿನ ನೋಡಿನಲ್ಲಿ ಓರೆಯಿಲ್ಲ. ತುದಿಯ ಓರೆಯನ್ನು ಸಮೀಕರಣದಿಂದ ತೆಗೆದುಹಾಕಿದರೆ ನಡುವಿನ ಕುಸಿತಕ್ಕೆ ಒಂದೇ ಸಮೀಕರಣ ಉಳಿಯುತ್ತದೆ:

(993.3 + 1000) × ಕುಸಿತ = 37.5

ಇಲ್ಲಿ 993.3 ತೊಲೆಯ ಬಿಗಿತ, 1000 ಸ್ಪ್ರಿಂಗಿನ ಬಿಗಿತ, 37.5 ಕಿಲೋನ್ಯೂಟನ್ ನಡುವಿನ ನೋಡಿನ ಪಾಲಿನ ಭಾರ. ಕುಸಿತವು 0.0188 ಮೀ., ಅಂದರೆ 18.8 ಮಿ.ಮೀ. ಸ್ಪ್ರಿಂಗು ಹೊರುವ ಬಲ 18.8 ಕಿಲೋನ್ಯೂಟನ್, ಪ್ರತಿ ತುದಿಯ ಗೋಡೆ ಹೊರುವುದು 20.6 ಕಿಲೋನ್ಯೂಟನ್. ಮೂರನ್ನೂ ಕೂಡಿದರೆ 60 ಕಿಲೋನ್ಯೂಟನ್ ಆಗುತ್ತದೆ.

ಎರಡು ಅಂಚಿನ ಸ್ಥಿತಿಗಳಿಂದ ಈ ಉತ್ತರವನ್ನು ಪರೀಕ್ಷಿಸಬಹುದು. ಸ್ಪ್ರಿಂಗು ಇಲ್ಲವೇ ಇಲ್ಲ ಎಂದರೆ 37.5ನ್ನು 993.3ರಿಂದ ಭಾಗಿಸಿ 37.8 ಮಿ.ಮೀ. ಕುಸಿತ ಬರುತ್ತದೆ, ಇದು ಪಠ್ಯಪುಸ್ತಕದ ಸರಳ ತೊಲೆಯ ಉತ್ತರವೇ. ಸ್ಪ್ರಿಂಗು ಕಲ್ಲಿನಂತೆ ಗಟ್ಟಿಯಾದರೆ ಅದು 37.5 ಕಿಲೋನ್ಯೂಟನ್, ಅಂದರೆ ಒಟ್ಟು ಭಾರದ ಎಂಟನೆಯ ಐದು ಭಾಗವನ್ನು ಹೊರುತ್ತದೆ. ಇದು ಮೂರು ಗಟ್ಟಿ ಆಧಾರಗಳ ತೊಲೆಗೆ ತಿಳಿದಿರುವ ಬೆಲೆ. ನಮ್ಮ ಉತ್ತರ ಇವೆರಡರ ನಡುವೆ ಇದೆ.

ನಡುವಿನ ಬೆಂಡಿಂಗ್ ಮೊಮೆಂಟ್ 16.8 ಕಿಲೋನ್ಯೂಟನ್-ಮೀಟರ್. ಆದರೆ ನೋಡುಗಳ ಕುಸಿತ ಮತ್ತು ಓರೆಗಳಿಂದ ಮಾತ್ರ ಇದನ್ನು ಲೆಕ್ಕಿಸಿದರೆ 24.3 ಬರುತ್ತದೆ, ಮೊಮೆಂಟೇ ಇರಬಾರದ ತುದಿಯಲ್ಲಿ 7.5 ಕಾಣಿಸಿಕೊಳ್ಳುತ್ತದೆ. ಭಾರವನ್ನು ನೋಡುಗಳಿಗೆ ಹಂಚಿದಾಗ ಸೇರಿಸಿದ್ದ 7.5ನ್ನು ಕೊನೆಯಲ್ಲಿ ಹಿಂದಕ್ಕೆ ತೆಗೆದರೆ ಎರಡೂ ಸರಿಹೋಗುತ್ತವೆ. ತೊಲೆಗೆಂದೇ ಸಿದ್ಧಪಡಿಸಿದ ತಂತ್ರಾಂಶಗಳು ಈ ತಿದ್ದುಪಡಿಯನ್ನು ತಾವೇ ಮಾಡುತ್ತವೆ. ಸಾಮಾನ್ಯೋದ್ದೇಶದ ಕೆಲವು ತಂತ್ರಾಂಶಗಳು ಇದನ್ನು ಮಾಡುವುದಿಲ್ಲ. ಅಲ್ಲಿ ಅಂಶಗಳ ಸಂಖ್ಯೆಯನ್ನು ಹೆಚ್ಚಿಸಬೇಕು. ಕುಸಿತ ಸರಿಯಾಗಿದ್ದ ಮಾತ್ರಕ್ಕೆ ಮೊಮೆಂಟ್ ಕೂಡ ಸರಿಯಾಗಿದೆ ಎಂದು ಭಾವಿಸಬಾರದೆಂಬುದಕ್ಕೆ ಇದು ನಿದರ್ಶನ.

ಅಡಿಪಾಯದ ತೊಲೆ

ಗೋಡೆಯ ಕೆಳಗಿನ ತೊಲೆಯು ಉದ್ದಕ್ಕೂ ಮಣ್ಣಿನ ಮೇಲೆ ಕುಳಿತಿರುತ್ತದೆ. ಮಣ್ಣಿನ ಸ್ಪ್ರಿಂಗ್ ಗುಣವನ್ನು 'ಅಡಿಮಣ್ಣಿನ ಪ್ರತಿಕ್ರಿಯಾ ಗುಣಾಂಕ' ಎಂಬ ಬೆಲೆಯಿಂದ ಸೂಚಿಸಲಾಗುತ್ತದೆ. ಸ್ಥಳದಲ್ಲೇ ಉಕ್ಕಿನ ಫಲಕವನ್ನು ಮಣ್ಣಿನ ಮೇಲಿಟ್ಟು ಒತ್ತಿ ಇದನ್ನು ಅಳೆಯುವ ಕ್ರಮವನ್ನು ಭಾರತೀಯ ಮಾನಕ 9214 (1979) ತಿಳಿಸುತ್ತದೆ. ಸಣ್ಣ ಫಲಕದಿಂದ ಬಂದ ಬೆಲೆಯನ್ನು ದೊಡ್ಡ ಅಡಿಪಾಯಕ್ಕೆ ನೇರವಾಗಿ ಬಳಸಬಾರದು. ಅಗಲಕ್ಕೆ ತಕ್ಕಂತೆ ತಿದ್ದಬೇಕೆಂದು ಟೆರ್ಜಾಘಿ 1955ರಲ್ಲಿ ವಿವರಿಸಿದ್ದಾನೆ.

ಒಂದು ಉದಾಹರಣೆ: 8 ಮೀ. ಉದ್ದದ ಕಾಂಕ್ರೀಟ್ ತೊಲೆ, ಮೀಟರಿಗೆ 30 ಕಿಲೋನ್ಯೂಟನ್ ಭಾರ. ತಳದ ಅಗಲವನ್ನು ಗಣನೆಗೆ ತೆಗೆದುಕೊಂಡ ಮೇಲೆ ಮಣ್ಣಿನ ಬಿಗಿತ, ತೊಲೆಯ ಪ್ರತಿ ಮೀಟರ್ ಉದ್ದಕ್ಕೆ, ಮೀಟರಿಗೆ 12,000 ಕಿಲೋನ್ಯೂಟನ್. ಮಣ್ಣು ಉದ್ದಕ್ಕೂ ಒಂದೇ ಬಗೆಯದಾದರೆ ತೊಲೆಯ ಎಲ್ಲ ಭಾಗವೂ ಸಮನಾಗಿ 2.5 ಮಿ.ಮೀ. ಕುಸಿಯುತ್ತದೆ, ತೊಲೆ ಎಳ್ಳಷ್ಟೂ ಬಾಗುವುದಿಲ್ಲ. ಹರಡಿದ ಭಾರವನ್ನು ಮಣ್ಣು ಅಲ್ಲಲ್ಲೇ ಹೊತ್ತುಕೊಳ್ಳುವುದೇ ಇದಕ್ಕೆ ಕಾರಣ.

ಮಾದರಿಯಲ್ಲಿ ಪ್ರತಿ ಮೀಟರಿಗೆ ಒಂದರಂತೆ 9 ನೋಡುಗಳನ್ನು ಇಟ್ಟರೆ, ಒಳಗಿನ 7 ಸ್ಪ್ರಿಂಗುಗಳಿಗೆ 12,000 ಬಿಗಿತವನ್ನೂ, ಅರ್ಧ ಮೀಟರ್ ಮಣ್ಣನ್ನು ಮಾತ್ರ ಪ್ರತಿನಿಧಿಸುವ ಎರಡು ತುದಿಯ ಸ್ಪ್ರಿಂಗುಗಳಿಗೆ 6,000 ಬಿಗಿತವನ್ನೂ ಕೊಡಬೇಕು. ಒಟ್ಟು ಬಿಗಿತ 96,000, ಒಟ್ಟು ಭಾರ 240 ಕಿಲೋನ್ಯೂಟನ್, ಭಾಗಲಬ್ಧ 2.5 ಮಿ.ಮೀ. ತುದಿಯ ಸ್ಪ್ರಿಂಗುಗಳಿಗೂ 12,000 ಕೊಟ್ಟರೆ ತುದಿಗಳು ಕಡಿಮೆ ಇಳಿದು, ನಡುಭಾಗ ಜೋಲಿ, ವಾಸ್ತವದಲ್ಲಿ ಇಲ್ಲದ ಬೆಂಡಿಂಗ್ ಮೊಮೆಂಟ್ ಮಾದರಿಯಲ್ಲಿ ಹುಟ್ಟುತ್ತದೆ. ವಿದ್ಯಾರ್ಥಿಗಳ ಮಾದರಿಗಳಲ್ಲಿ ಸುಲಭವಾಗಿ ನುಸುಳುವ ತಪ್ಪು ಇದು.

ಅಂಶಗಳ ಉದ್ದ

ಅಂಶಗಳು ಎಷ್ಟು ಚಿಕ್ಕದಿರಬೇಕೆಂಬುದನ್ನು ತೊಲೆಯ 'ವಿಶಿಷ್ಟ ಉದ್ದ' ನಿರ್ಧರಿಸುತ್ತದೆ. ಬಾಗು ಬಿಗಿತದ ನಾಲ್ಕು ಪಟ್ಟನ್ನು ಮಣ್ಣಿನ ಬಿಗಿತದಿಂದ ಭಾಗಿಸಿ ನಾಲ್ಕನೆಯ ಮೂಲವನ್ನು ತೆಗೆದರೆ ಇದು ಸಿಗುತ್ತದೆ. ಮೇಲಿನ ತೊಲೆ 300 ಮಿ.ಮೀ. ಅಗಲ, 450 ಮಿ.ಮೀ. ಎತ್ತರದ ಎಂ-20 ಕಾಂಕ್ರೀಟಿನದಾದರೆ, ಭಾರತೀಯ ಮಾನಕ 456ರ ಸೂತ್ರದಂತೆ ಯಂಗ್ ಗುಣಾಂಕ ಚದರ ಮಿಲಿಮೀಟರಿಗೆ ಸುಮಾರು 22,360 ನ್ಯೂಟನ್. ಬಾಗು ಬಿಗಿತ ಸುಮಾರು 50,900. ವಿಶಿಷ್ಟ ಉದ್ದ ಸುಮಾರು 2 ಮೀ. ಅಂಶದ ಉದ್ದವನ್ನು ಇದರ ಕಾಲು ಭಾಗ, ಅಂದರೆ ಅರ್ಧ ಮೀಟರ್ ಇಡುವುದು ಒಳ್ಳೆಯ ಆರಂಭ.

ತೊಲೆಯ ಉದ್ದವನ್ನು ವಿಶಿಷ್ಟ ಉದ್ದದಿಂದ ಭಾಗಿಸಿದಾಗ ಬರುವ ಸಂಖ್ಯೆ ಸುಮಾರು 0.8ಕ್ಕಿಂತ ಕಡಿಮೆಯಿದ್ದರೆ ತೊಲೆಯನ್ನು ಬಾಗದ ದಿಮ್ಮಿಯೆಂದೇ ಎಣಿಸಬಹುದು. 3.14ಕ್ಕಿಂತ ಹೆಚ್ಚಿದ್ದರೆ ಅದು 'ಉದ್ದ ತೊಲೆ'. ಒಂದು ತುದಿಯಲ್ಲಿ ನಡೆದದ್ದು ಇನ್ನೊಂದು ತುದಿಗೆ ಹೆಚ್ಚಾಗಿ ಮುಟ್ಟುವುದಿಲ್ಲ. ಮೇಲಿನ ಉದಾಹರಣೆಯಲ್ಲಿ ಈ ಸಂಖ್ಯೆ 3.9.

ಕೆರೆಯಂಚಿನ ನೆಲದ ಸಮಸ್ಯೆ

ಮಣ್ಣು ಉದ್ದಕ್ಕೂ ಒಂದೇ ಬಗೆಯದಾಗಿರುವುದಿಲ್ಲ. ಈ ವಿಶ್ಲೇಷಣೆಯ ನಿಜವಾದ ಪ್ರಯೋಜನ ಕಾಣುವುದು ಅಲ್ಲಿಯೇ. ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನ ಕಡಬದಂತಹ ಕೆರೆಯೂರುಗಳಲ್ಲಿ ಮೇಲುಭಾಗದ ಗಟ್ಟಿ ಕೆಂಪು ನೆಲಕ್ಕೂ ಕೆರೆಯ ಹಿಂದಿನ ತೇವದ ಗದ್ದೆ ಮಣ್ಣಿಗೂ ಬಹಳ ಅಂತರವಿರಬಹುದು. ಇಂತಹ ಎರಡು ನೆಲಗಳು ಸೇರುವ ಕಡೆ ಮನೆಯೊಂದು ನಿಂತರೆ, ಗೋಡೆಯ ಭಾರ ಉದ್ದಕ್ಕೂ ಸಮನಾಗಿದ್ದರೂ ಅಡಿಪಾಯ ಒಂದು ಕಡೆಗೆ ಹೆಚ್ಚು ಇಳಿಯುತ್ತದೆ. ಗೋಡೆಯಲ್ಲಿ ಓರೆ ಬಿರುಕು ಕಾಣಿಸುವುದು ಇದರ ಮೊದಲ ಲಕ್ಷಣ.

ಮೇಲಿನ 8 ಮೀ. ತೊಲೆಯ ಅರ್ಧದ ಕೆಳಗೆ ಮಣ್ಣಿನ ಬಿಗಿತ 12,000, ಉಳಿದರ್ಧದ ಕೆಳಗೆ 4,000 ಎಂದು ಇಟ್ಟುಕೊಂಡರೆ ಉತ್ತರದ ಎರಡು ಎಲ್ಲೆಗಳನ್ನು ಕೈಯಲ್ಲೇ ಕಾಣಬಹುದು. ತೊಲೆಗೆ ಬಿಗಿತವೇ ಇಲ್ಲದಿದ್ದರೆ ಗಟ್ಟಿ ನೆಲದ ಅರ್ಧ 2.5 ಮಿ.ಮೀ., ಮೆದು ನೆಲದ ಅರ್ಧ 7.5 ಮಿ.ಮೀ. ಇಳಿದು, ನಡುವೆ 5 ಮಿ.ಮೀ.ನ ಮೆಟ್ಟಿಲು ಬೀಳುತ್ತದೆ. ತೊಲೆ ಸ್ವಲ್ಪವೂ ಬಾಗದಂತಿದ್ದರೆ ಅದು ನೇರವಾಗಿಯೇ ವಾಲಿ, ಒಂದು ತುದಿ ಸುಮಾರು 1.2 ಮಿ.ಮೀ., ಇನ್ನೊಂದು ತುದಿ ಸುಮಾರು 8.1 ಮಿ.ಮೀ. ಇಳಿಯುತ್ತದೆ, ಆಗ ನಡುವಿನ ಬೆಂಡಿಂಗ್ ಮೊಮೆಂಟ್ ಸುಮಾರು 18.5 ಕಿಲೋನ್ಯೂಟನ್-ಮೀಟರ್. ನಿಜವಾದ ತೊಲೆ ಇವೆರಡರ ನಡುವಿನ ರೀತಿಯಲ್ಲಿ ವರ್ತಿಸುತ್ತದೆ. ಅದನ್ನು ತಂತ್ರಾಂಶ ಲೆಕ್ಕ ಹಾಕಿಕೊಡುತ್ತದೆ.

ಎರಡು ನೆಲಗಳು ಕೂಡುವ ಜಾಗದಲ್ಲಿ ತೊಲೆ ಬೆನ್ನುಬ್ಬಿದಂತೆ ಬಾಗುವುದರಿಂದ ಅದರ ಮೇಲ್ಮೈಯಲ್ಲಿ ಎಳೆತ ಉಂಟಾಗುತ್ತದೆ. ಕಾಂಕ್ರೀಟು ಎಳೆತವನ್ನು ತಾಳದ ಕಾರಣ, ಕಬ್ಬಿಣದ ಸರಳುಗಳನ್ನು ಕೆಳಗೆ ಮಾತ್ರ ಹಾಕಿದ ತೊಲೆ ಇಲ್ಲಿ ಬಿರಿಯುತ್ತದೆ. ಮೇಲೆಯೂ ಸರಳು ಬೇಕು. ಮಣ್ಣನ್ನು ಒಂದೇ ಬಗೆಯದೆಂದು ಊಹಿಸಿದ ಮಾದರಿ ಈ ಅಗತ್ಯವನ್ನು ತೋರಿಸುವುದೇ ಇಲ್ಲ. ಆದ್ದರಿಂದ ಎರಡೂ ಭಾಗಗಳಲ್ಲಿ ಮಣ್ಣಿನ ಪರೀಕ್ಷೆ ನಡೆಸಿ, ಮಳೆಗಾಲದ ನೆನೆದ ಸ್ಥಿತಿಗೂ ಒಣ ಸ್ಥಿತಿಗೂ ಬೇರೆಬೇರೆಯಾಗಿ ಲೆಕ್ಕ ಹಾಕುವುದು ಉಚಿತ.

ರೈಲು ಹಳಿ

ಸ್ಪ್ರಿಂಗ್ ಆಧಾರಿತ ತೊಲೆಯ ಅತ್ಯಂತ ಪರಿಚಿತ ಉದಾಹರಣೆ ರೈಲು ಹಳಿ. ಬೆಂಗಳೂರಿನಿಂದ ತುಮಕೂರಿಗೆ 1884ರಲ್ಲಿ ಮೀಟರ್ ಗೇಜ್ ರೈಲು ಬಂದಿತು. ಇಂದು ತುಮಕೂರು, ಗುಬ್ಬಿ, ಅರಸೀಕೆರೆಯ ಮೂಲಕ ಸಾಗುವ ಈ ಮಾರ್ಗ ಬ್ರಾಡ್ ಗೇಜ್. ಕುಣಿಗಲ್ ಮೂಲಕ ಬೆಂಗಳೂರು–ಹಾಸನ ನೇರ ಮಾರ್ಗ 2017ರಲ್ಲಿ ಸಂಚಾರಕ್ಕೆ ತೆರೆಯಿತು. ಹಳಿಯು ತೊಲೆ; ಅದರ ಕೆಳಗಿನ ರಬ್ಬರ್ ಹಾಳೆ, ಕಾಂಕ್ರೀಟ್ ಸ್ಲೀಪರ್, ಜಲ್ಲಿ ಮತ್ತು ಮಣ್ಣು ಒಟ್ಟಾಗಿ ಸ್ಪ್ರಿಂಗು. ಕಿಲೋಮೀಟರಿಗೆ 1660 ಸ್ಲೀಪರುಗಳಿದ್ದರೆ ಸ್ಪ್ರಿಂಗುಗಳ ನಡುವಿನ ಅಂತರ ಸುಮಾರು 60 ಸೆಂ.ಮೀ. ಮೀಟರಿಗೆ 60 ಕಿಲೋಗ್ರಾಂ ತೂಗುವ ಹಳಿಯ ಜಡತ್ವ ಮಹತ್ವ ಸುಮಾರು 3038 ಚತುರ್ಘಾತ ಸೆಂಟಿಮೀಟರ್. ಗಾಡಿಯ ಚಕ್ರದ ಭಾರ ಹರಡಿದ ಭಾರವಲ್ಲ, ಬಿಂದುಭಾರ. ಆದರೂ ಹಳಿ ಅದನ್ನು ಹಲವು ಸ್ಲೀಪರುಗಳಿಗೆ ಹಂಚುತ್ತದೆ. ಚಕ್ರದಿಂದ ಸ್ವಲ್ಪ ದೂರದಲ್ಲಿ ಹಳಿ ಮೇಲಕ್ಕೆ ಏಳಲು ಯತ್ನಿಸುತ್ತದೆ ಎಂಬುದೂ ಇದೇ ಲೆಕ್ಕದಿಂದ ತಿಳಿಯುತ್ತದೆ.

ತಂತ್ರಾಂಶದಲ್ಲಿ ಅನುಸರಿಸುವ ಹಂತಗಳು

ಆನ್ಸಿಸ್, ಅಬಾಕಸ್, ನಾಸ್ಟ್ರಾನ್, ಸ್ಟಾಡ್ ಪ್ರೊ ಮೊದಲಾದ ವಾಣಿಜ್ಯ ತಂತ್ರಾಂಶಗಳಲ್ಲೂ, ಕ್ಯಾಲ್ಕ್ಯುಲಿಕ್ಸ್, ಕೋಡ್ ಆಸ್ಟರ್ ಎಂಬ ಮುಕ್ತ ತಂತ್ರಾಂಶಗಳಲ್ಲೂ ಹಂತಗಳು ಹೆಚ್ಚುಕಡಿಮೆ ಒಂದೇ.

1. ಅಳತೆಯ ಮಾನಗಳನ್ನು ಮೊದಲೇ ನಿಶ್ಚಯಿಸಬೇಕು. ಅನೇಕ ತಂತ್ರಾಂಶಗಳಿಗೆ ಮಾನಗಳ ಅರಿವಿಲ್ಲ. ಉದ್ದವನ್ನು ಮಿಲಿಮೀಟರಿನಲ್ಲೂ ಸ್ಪ್ರಿಂಗಿನ ಬಿಗಿತವನ್ನು ಮೀಟರಿನಲ್ಲೂ ಕೊಟ್ಟರೆ ಉತ್ತರ ಸಾವಿರ ಪಟ್ಟು ತಪ್ಪಬಹುದು.
2. ತೊಲೆಯ ರೇಖೆಯನ್ನು ಎಳೆದು, ಅಡ್ಡಕೊಯ್ತ ಮತ್ತು ವಸ್ತುಗುಣಗಳನ್ನು ಕೊಡಬೇಕು. ಅಡ್ಡಕೊಯ್ತ ಅಡ್ಡಲಾಗಿ ಮಲಗಿದೆಯೇ, ನೆಟ್ಟಗೆ ನಿಂತಿದೆಯೇ ಎಂದು ಚಿತ್ರದಲ್ಲಿ ನೋಡಿ ಖಚಿತಪಡಿಸಿಕೊಳ್ಳಬೇಕು.
3. ರೇಖೆಯನ್ನು ಅಂಶಗಳಾಗಿ ವಿಂಗಡಿಸಬೇಕು. ಪ್ರತಿ ಸ್ಪ್ರಿಂಗಿನ ಸ್ಥಾನದಲ್ಲೂ, ಭಾರ ಆರಂಭವಾಗುವ ಮತ್ತು ಮುಗಿಯುವ ಸ್ಥಾನಗಳಲ್ಲೂ ನೋಡ್ ಇರಬೇಕು.
4. ಸ್ಪ್ರಿಂಗುಗಳ ಒಂದು ತುದಿಯನ್ನು ತೊಲೆಯ ನೋಡಿಗೂ ಇನ್ನೊಂದನ್ನು ನೆಲಕ್ಕೂ ಜೋಡಿಸಬೇಕು.
5. ಹರಡಿದ ಭಾರವನ್ನು ಸರಿಯಾದ ದಿಕ್ಕಿನಲ್ಲಿ ಕೊಡಬೇಕು. ತೊಲೆಯ ಸ್ವಂತ ತೂಕವನ್ನು ತಂತ್ರಾಂಶವೇ ಸೇರಿಸುತ್ತಿದ್ದರೆ ಮತ್ತೆ ಕೈಯಿಂದ ಸೇರಿಸಬಾರದು.
6. ಲಂಬ ಸ್ಪ್ರಿಂಗುಗಳು ತೊಲೆಯ ಅಡ್ಡ ಚಲನೆಯನ್ನು ತಡೆಯುವುದಿಲ್ಲ. ಒಂದು ನೋಡಿನಲ್ಲಾದರೂ ಉದ್ದದ ದಿಕ್ಕಿನ ಚಲನೆಯನ್ನು ಕಟ್ಟಬೇಕು. ಮೂರು ಆಯಾಮದ ಮಾದರಿಯಲ್ಲಿ ಪಕ್ಕದ ಚಲನೆ ಮತ್ತು ಉರುಳುವಿಕೆಯನ್ನೂ ಕಟ್ಟಬೇಕು. ಇಲ್ಲದಿದ್ದರೆ ಸಮೀಕರಣಗಳು ಬಿಡಿಸಲಾಗದವು ಎಂಬ ಸಂದೇಶ ಬರುತ್ತದೆ.
7. ಲೆಕ್ಕ ನಡೆಸಿ, ಕುಸಿತ, ಸ್ಪ್ರಿಂಗುಗಳ ಬಲ ಮತ್ತು ಬೆಂಡಿಂಗ್ ಮೊಮೆಂಟುಗಳನ್ನು ಓದಬೇಕು.

ಉತ್ತರದ ಪರಿಶೀಲನೆ

ತಂತ್ರಾಂಶ ಬಣ್ಣದ ಚಿತ್ರವನ್ನು ಕೊಟ್ಟ ಮಾತ್ರಕ್ಕೆ ಉತ್ತರ ಸರಿಯೆಂದಾಗುವುದಿಲ್ಲ. ಈ ಕೆಳಗಿನ ಪರೀಕ್ಷೆಗಳಿಗೆ ಹೆಚ್ಚು ಸಮಯ ಹಿಡಿಯುವುದಿಲ್ಲ:

• ಎಲ್ಲ ಆಧಾರಗಳ ಬಲಗಳ ಮೊತ್ತ ಒಟ್ಟು ಭಾರಕ್ಕೆ ಸಮನಾಗಿರಬೇಕು.
• ರಚನೆ ಮತ್ತು ಭಾರ ಸಮಮಿತವಾಗಿದ್ದರೆ ಉತ್ತರವೂ ಹಾಗೆಯೇ ಇರಬೇಕು.
• ಸ್ಪ್ರಿಂಗಿನ ಬಿಗಿತವನ್ನು ಅತಿ ಹೆಚ್ಚಿಸಿದಾಗ ಗಟ್ಟಿ ಆಧಾರದ ಉತ್ತರ ಬರಬೇಕು. ಆದರೆ ಬಿಗಿತಕ್ಕೆ ಮಿತಿಮೀರಿದ ಬೆಲೆ ಕೊಟ್ಟರೆ ಗಣಕದ ಸಂಖ್ಯಾದೋಷವೇ ಉತ್ತರವನ್ನು ಕೆಡಿಸಬಹುದು.
• ಅಂಶಗಳ ಸಂಖ್ಯೆಯನ್ನು ಇಮ್ಮಡಿಸಿದಾಗ ಉತ್ತರ ಗಣನೀಯವಾಗಿ ಬದಲಾಗಬಾರದು.

ಮಿತಿಗಳು

ಸಾಮಾನ್ಯ ಸ್ಪ್ರಿಂಗು ಒತ್ತಡವನ್ನೂ ಎಳೆತವನ್ನೂ ಸಮನಾಗಿ ತಡೆಯುತ್ತದೆ. ಮಣ್ಣು ತೊಲೆಯನ್ನು ಕೆಳಕ್ಕೆ ಎಳೆಯಲಾರದು. ತೊಲೆ ಎಲ್ಲಿಯಾದರೂ ಮೇಲೇಳುವ ಸಂಭವವಿದ್ದರೆ ಒತ್ತಡವನ್ನು ಮಾತ್ರ ಹೊರುವ ಸ್ಪ್ರಿಂಗುಗಳನ್ನು ಬಳಸಬೇಕು. ಆಗ ಲೆಕ್ಕ ಹಲವು ಸುತ್ತುಗಳಲ್ಲಿ ನಡೆಯುತ್ತದೆ. ಬೇರೆಬೇರೆ ಭಾರಗಳ ಉತ್ತರಗಳನ್ನು ಕೂಡಿಸುವಂತೆಯೂ ಇಲ್ಲ.

ವಿಂಕ್ಲರ್ ಮಾದರಿಯಲ್ಲಿ ಪಕ್ಕಪಕ್ಕದ ಸ್ಪ್ರಿಂಗುಗಳಿಗೆ ಸಂಬಂಧವಿಲ್ಲ. ನಿಜವಾದ ನೆಲದಲ್ಲಿ ಒಂದು ಕಡೆ ಒತ್ತಿದರೆ ಸುತ್ತಲಿನ ಮಣ್ಣೂ ತಗ್ಗುತ್ತದೆ. ಈ ಕೊರತೆಯನ್ನು ನೀಗಲು ಪಾಸ್ಟರ್ನಾಕ್ 1954ರಲ್ಲಿ ಸ್ಪ್ರಿಂಗುಗಳನ್ನು ಪದರವೊಂದರಿಂದ ಬೆಸೆದ ಮಾದರಿಯನ್ನು ಸೂಚಿಸಿದನು. ಜೇಡಿಮಣ್ಣು ವರ್ಷಗಟ್ಟಲೆ ನಿಧಾನವಾಗಿ ಕುಸಿಯುವುದನ್ನೂ ಸರಳ ಸ್ಪ್ರಿಂಗು ತೋರಿಸದು.

ಎತ್ತರಕ್ಕೆ ಹೋಲಿಸಿದರೆ ಗಿಡ್ಡವಾದ ತೊಲೆಗಳಿಗೆ ಕತ್ತರಿ ಬಲದ ಬಾಗನ್ನೂ ಪರಿಗಣಿಸುವ ಟಿಮೊಶೆಂಕೊ ತೊಲೆಯ ಅಂಶ ಬೇಕು. ಇಂತಹ ಸರಳ ಅಂಶಗಳು ತೆಳು ತೊಲೆಗಳಲ್ಲಿ ಅತಿಯಾಗಿ ಬಿಗಿದುಕೊಂಡು ಕುಸಿತವನ್ನು ತೀರ ಕಡಿಮೆ ತೋರಿಸುವ ದೋಷಕ್ಕೆ 'ಷಿಯರ್ ಲಾಕಿಂಗ್' ಎಂದು ಹೆಸರು. ಗಂಗನ್ ಪ್ರತಾಪ್ ಅವರ ಅಧ್ಯಯನದ ಮುಖ್ಯ ವಸ್ತು ಇದೇ ಆಗಿತ್ತು. ತೊಲೆಯನ್ನು ರೇಖೆಯಾಗಿ ಅಲ್ಲದೆ ಘನ ಅಂಶಗಳಿಂದ ರಚಿಸಿದರೆ, ಸ್ಪ್ರಿಂಗನ್ನು ಒಂದೇ ನೋಡಿಗೆ ಜೋಡಿಸುವುದು ಸರಿಯಲ್ಲ; ಆ ಬಿಂದುವಿನಲ್ಲಿ ಮಾತ್ರ ಹುಸಿ ತಗ್ಗು ಬೀಳುತ್ತದೆ. ಸ್ಪ್ರಿಂಗನ್ನು ನಿಜವಾದ ಆಧಾರದ ಅಗಲಕ್ಕೆ ಹರಡಬೇಕು.

ಇವನ್ನೂ ನೋಡಿ

• ತೊಲೆ
• ಹುಕ್‌ನ ನಿಯಮ
• ಯಂಗ್ ಗುಣಾಂಕ
• ಪರಿಮಿತ ಅಂಶ ವಿಧಾನ
• ಅಡಿಪಾಯ
• ರೈಲು ಹಳಿ